ರಾತ್ರಿ ಹಲ್ಲು ಕಡಿಯುತ್ತೀರಾ? ಎದ್ದ ಕೂಡಲೇ ದವಡೆ ಒತ್ತಿ ನೋಡಿ

ಬೆಳಗ್ಗೆ ಎದ್ದ ಕೂಡಲೇ, ಚಹಾಕ್ಕಿಂತ ಮೊದಲು, ದವಡೆಯ ಮೂಲೆಯನ್ನು ಎರಡೂ ಕಡೆ ಬೆರಳಿನಿಂದ ಒತ್ತಿ ನೋಡಿ. ಕಣತಲೆಯನ್ನೂ ಒತ್ತಿ. ಅಲ್ಲಿ ನೋವು, ಬಿಗಿತ ಇದ್ದು ಹೊತ್ತು ಏರಿದಂತೆ ತಾನೇ ಇಳಿದರೆ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೀರಿ ಎಂಬ ಅನುಮಾನ ಇಟ್ಟುಕೊಳ್ಳಿ. ಅಗಿಯುವ ಸ್ನಾಯು ರಾತ್ರಿ ದುಡಿದು ಬೆಳಗ್ಗೆ ದಣಿದಿರುತ್ತದೆ, ಅದಕ್ಕೇ ಈ ಹೊತ್ತು ಮುಖ್ಯ. ಕನ್ನಡಿಯಲ್ಲಿ ನಾಲಿಗೆಯ ಅಂಚನ್ನೂ ನೋಡಿ: ಹಲ್ಲಿನ ಅಚ್ಚು ಮೂಡಿದ್ದರೆ, ಕೆನ್ನೆಯ ಒಳಗೆ ಬಿಳಿ ಗೆರೆ ಇದ್ದರೆ ಅನುಮಾನ ಇನ್ನಷ್ಟು ಗಟ್ಟಿ. ಆದರೆ ಇವು ಬರೀ ಸುಳಿವು, ಬೇರೆಯವರಲ್ಲೂ ಕಾಣುತ್ತವೆ. ಪಕ್ಕದಲ್ಲಿ ಮಲಗಿದವರಿಗೆ ಕಟಕಟ ಸದ್ದು ಕೇಳಿಲ್ಲ ಅಂತ ಸುಮ್ನೆ ಬಿಡಬೇಡಿ. ಉಜ್ಜಿದರೆ ಸದ್ದು ಬರುತ್ತದೆ, ಬಿಗಿಯಾಗಿ ಕಚ್ಚಿ ಹಿಡಿದರೆ ಬರುವುದಿಲ್ಲ. ಈ ಪರೀಕ್ಷೆ ಕೈಕೊಡುವುದೂ ಉಂಟು. ನಮ್ಮ ಬಾಗಲಕೋಟೆ ಕಡೆ ಹಿಂದಿನ ದಿನ ಕಡಕ್ ರೊಟ್ಟಿ ಜಾಸ್ತಿ ಅಗಿದಿದ್ದರೂ, ಅಡಿಕೆ ಜಗಿಯುವ ಚಟ ಇದ್ದರೂ ದವಡೆ ನೋಯುತ್ತದೆ ಅಲ್ವಾ? ಒಂದೇ ಕಡೆ ನೋವಿದ್ದರೆ ಹುಳುಕು ಹಲ್ಲೋ ಬುದ್ಧಿಹಲ್ಲೋ ಇರಬಹುದು. ನೋವೇ ಇಲ್ಲದೆ ಹಲ್ಲು ಸವೆಸುವವರೂ ಇದ್ದಾರೆ, ಹಾಗಾಗಿ ತಣ್ಣೀರಿಗೆ ಹಲ್ಲು ಜುಂ ಅಂದರೆ, ಅಂಚು ಚಪ್ಪಟೆಯಾಗಿದ್ದರೆ ದಂತವೈದ್ಯರಿಗೆ ತೋರಿಸಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಊರಲ್ಲಿ ಡೆಂಟಲ್ ಕಾಲೇಜುಗಳಿವೆ. ಗೊರಕೆಯ ನಡುವೆ ಉಸಿರು ನಿಂತಂತೆ ಆಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ತಪ್ಪದೆ ಹೇಳಿ, ಎರಡೂ ಒಟ್ಟಿಗೆ ಇರುವುದುಂಟು.