ಗ್ರೀಕ್ ದೇವತೆಗಳ ಪಾಲುಪಟ್ಟಿ: ನಾನು ಬರೆದುಕೊಳ್ಳುವ ಕ್ರಮ

ಗ್ರೀಕ್ ದೇವತೆಗಳೆಂದ ಕೂಡಲೇ ಹನ್ನೆರಡು ಹೆಸರು ಬರೆದು, ಎದುರಿಗೆ ‘ಆಕಾಶ’, ‘ಸಮುದ್ರ’, ‘ಯುದ್ಧ’ ಎಂದು ಒಂದೊಂದೇ ಪದ ತುಂಬುವುದು ರೂಢಿ. ಪ್ರಾಚೀನ ಗ್ರೀಕ್ ಕವಿ ಹೋಮರನನ್ನು ಓದಲು ಕೂತರೆ ಆ ಪಟ್ಟಿ ಬೇಗ ಕೈಕೊಡುತ್ತದೆ. ಹಾಗಾಗಿ ನಾನು ಹೆಸರಿನಿಂದ ಅಲ್ಲ, ಆಸ್ತಿ ಪಾಲಾದ ಬಗೆಯಿಂದ ಶುರುಮಾಡುತ್ತೇನೆ.

ಅವನ ಮಹಾಕಾವ್ಯ ಇಲಿಯಡ್‌ನ 15ನೇ ಕಾಂಡದಲ್ಲಿ ಪೊಸೈಡನ್ ಸಿಟ್ಟಿನಲ್ಲಿ ಲೆಕ್ಕ ಒಪ್ಪಿಸುತ್ತಾನೆ. ಕ್ರೋನಸ್ ಮತ್ತು ರಿಯಾಗೆ ಗಂಡುಮಕ್ಕಳು ಮೂವರು. ಚೀಟಿ ಎತ್ತಿದಾಗ ತನಗೆ ಕಡಲು, ಹೇಡೀಸ್‌ಗೆ ಕತ್ತಲ ಪಾತಾಳ, ಜ್ಯೂಸ್‌ಗೆ ಮೋಡ ಸಹಿತ ಆಕಾಶ ಬಂತು. ಭೂಮಿ ಮತ್ತು ಒಲಿಂಪಸ್ ಬೆಟ್ಟ ಭಾಗವಾಗದೆ ಜಂಟಿಯಲ್ಲೇ ಉಳಿದವು. ಈ ಜಂಟಿ ಆಸ್ತಿಯ ವಿಷಯವನ್ನು ಹಾಳೆಯ ನೆತ್ತಿಯಲ್ಲೇ ಬರೆಯಬೇಕು, ಏಕೆಂದರೆ ಊರುಗಳಿಗಾಗಿ ದೇವತೆಗಳು ಕಿತ್ತಾಡುವುದೆಲ್ಲ ಆ ನೆಲದ ಮೇಲೆಯೇ. ಅಥೆನ್ಸ್‌ಗಾಗಿ ಪೊಸೈಡನ್ ಅಕ್ರೊಪೊಲಿಸ್ ಗುಡ್ಡದ ಬಂಡೆಗೆ ತ್ರಿಶೂಲ ಹೊಡೆದು ಉಪ್ಪುನೀರು ಚಿಮ್ಮಿಸಿದ. ಅಥೀನಾ ಆಲಿವ್ ಮರ ಕೊಟ್ಟು ಊರನ್ನೇ ಗೆದ್ದಳು. ಆರ್ಗೋಸ್ ಊರಿನ ವಿಷಯದಲ್ಲೂ ಪೊಸೈಡನ್ ಜ್ಯೂಸ್‌ನ ಹೆಂಡತಿ ಹೀರಾಳಿಗೆ ಸೋತ.

ಇನ್ನೊಬ್ಬ ಪ್ರಾಚೀನ ಕವಿ ಹೆಸಿಯಡ್‌ನಲ್ಲಿ ಚೀಟಿಯ ಮಾತಿಲ್ಲ. ಉಳಿದ ದೇವತೆಗಳು ಜ್ಯೂಸ್‌ನನ್ನು ಅರಸನಾಗೆಂದು ಕೇಳಿಕೊಳ್ಳುತ್ತಾರೆ, ಅವನೇ ಎಲ್ಲರಿಗೂ ಗೌರವ, ಅಧಿಕಾರ ಹಂಚುತ್ತಾನೆ. ಹೋಮರನಲ್ಲಿ ಜ್ಯೂಸ್ ಹಿರಿಯಣ್ಣ, ಹೆಸಿಯಡ್‌ನಲ್ಲಿ ಕಡೆಯ ಮಗ. ಇಬ್ಬರದನ್ನೂ ಎರಡು ಬಣ್ಣದ ಶಾಯಿಯಲ್ಲಿ ಬರೆಯದಿದ್ದರೆ ವಂಶವೃಕ್ಷ ಗೋಜಲಾಗುತ್ತದೆ.

ಆಮೇಲೆ ಐದು ಕಾಲಂ: ಹೆಸರು, ಪಾಲು, ಬಿರುದು, ಪೂಜೆಯ ಜಾಗ, ಯಾರೊಂದಿಗೆ ಹಂಚಿಕೆ. ಹೆಚ್ಚು ಕೆಲಸ ಬಿರುದಿನದು. ಜ್ಯೂಸ್‌ನ ಸಾಲಿನಲ್ಲಿ ‘ಆಕಾಶ’ ಎಂದಷ್ಟೇ ಬರೆದರೆ, ಮನೆಯ ಉಗ್ರಾಣ ಕಾಯುವ ಜ್ಯೂಸ್ ಕ್ಟೇಸಿಯೊಸ್, ಅಂಗಳದ ಹೆರ್ಕೇಯೊಸ್, ಅತಿಥಿಗಳನ್ನು ಕಾಯುವ ಕ್ಸೇನಿಯೊಸ್ ಎಲ್ಲಿ ಕೂರಬೇಕು? ಹಾವಿನ ರೂಪದಲ್ಲಿ ಕೆತ್ತಿಸಿಕೊಂಡ ಮೇಲಿಖಿಯೊಸ್ ಅಂತೂ ಆಕಾಶಕ್ಕೆ ಪೂರಾ ಹೊರಗಿನವನು. ಪ್ರತಿ ದೇವತೆಗೂ ಕನಿಷ್ಠ ಮೂರು ಬಿರುದು ಹುಡುಕಿ. ಪೊಸೈಡನ್‌ಗೆ ಕಡಲಿನ ಜೊತೆ ಭೂಕಂಪ, ಕುದುರೆ ಎರಡೂ ಸೇರುತ್ತವೆ.

ಹಂಚಿಕೆಯ ಕಾಲಂನಲ್ಲಿ ಏರೀಸ್ ಮತ್ತು ಅಥೀನಾ ಇಬ್ಬರಿಗೂ ಯುದ್ಧ: ಅವನದು ರಕ್ತದ ಅಮಲು, ಅವಳದು ತಂತ್ರ. ಕುಶಲಕರ್ಮಿಗಳನ್ನು ಅವಳೇ ಕಮ್ಮಾರ ದೇವತೆ ಹೆಫೆಸ್ಟಸ್ ಜೊತೆ ಹಂಚಿಕೊಳ್ಳುತ್ತಾಳೆ. ಅಥೆನ್ಸ್‌ನ ಅಗೋರಾ (ಸಂತೆ ಚೌಕ) ಪಕ್ಕದ ಹೆಫೆಸ್ಟಸ್ ದೇವಾಲಯದಲ್ಲಿ ಇಬ್ಬರಿಗೂ ಪೂಜೆಯಿತ್ತು. ಅಪೊಲೊ ಎದುರು ‘ಸೂರ್ಯ’ ಎಂದು ಬರೆಯುವುದು ತೀರಾ ಸಾಮಾನ್ಯ ತಪ್ಪು. ಹೋಮರನ ಸೂರ್ಯ ಹೀಲಿಯೊಸ್, ಬೇರೆಯವನೇ. ಅಪೊಲೊನದು ಬಿಲ್ಲು, ಕಿನ್ನರಿ, ಡೆಲ್ಫಿಯ ಭವಿಷ್ಯವಾಣಿ, ರೋಗ ಕಳಿಸುವುದು, ವಾಸಿ ಮಾಡುವುದು.

ಕನ್ನಡದವರಿಗೆ ಹೇಡೀಸ್ ಹತ್ತಿರ ಇನ್ನೊಂದು ತೊಡಕು. ‘ಯಮ’ ಎಂದು ಬರೆದು ಮುಂದೆ ಹೋಗುವುದು ಸಲೀಸು, ಆದರೆ ಕೆಲಸಗಳು ಹೊಂದುವುದಿಲ್ಲ. ಸಾವು ಎಂಬವನು ಥನಾಟೊಸ್, ಪ್ರೇತಗಳನ್ನು ಕರೆದೊಯ್ಯುವವನು ಹರ್ಮಿಸ್, ತೀರ್ಪು ಕೊಡುವವರು ಮೈನೋಸ್, ರಾಡಮಾಂಥಸ್, ಈಯಾಕಸ್. ಹೇಡೀಸ್ ಆ ಲೋಕದ ಒಡೆಯ ಅಷ್ಟೇ. ಇಂದ್ರ, ವರುಣ ಎಂದು ದಿಕ್ಪಾಲಕರನ್ನು ಸಾಲಾಗಿ ಹೊಂದಿಸುವ ಆಸೆಯನ್ನೂ ಇಲ್ಲೇ ಬಿಡಬೇಕು; ಗ್ರೀಕರ ಹಂಚಿಕೆ ದಿಕ್ಕಿನದಲ್ಲ.

ಹನ್ನೆರಡು ಎಂಬ ಸಂಖ್ಯೆ ಗಟ್ಟಿ, ಹೆಸರುಗಳು ಅಲ್ಲ. ಅಥೆನ್ಸ್‌ನ ಅಥೀನಾ ದೇವಾಲಯ ಪಾರ್ಥೆನಾನ್‌ನ ಪೂರ್ವದ ಉಬ್ಬುಶಿಲ್ಪದಲ್ಲಿ ಕೂತಿರುವ ಹನ್ನೆರಡು ಮಂದಿಯಲ್ಲಿ ಮದ್ಯದ ದೇವತೆ ಡಯೊನೈಸಸ್ ಇದ್ದಾನೆ, ಒಲೆಯ ದೇವತೆ ಹೆಸ್ಟಿಯಾ ಇಲ್ಲ. ಒಲಿಂಪಿಯಾದ ಆರು ಜೋಡಿ ಬಲಿಪೀಠಗಳಲ್ಲಂತೂ ಕ್ರೋನಸ್, ರಿಯಾ, ಆಲ್ಫಿಯಸ್ ನದಿ ಕೂಡ ಸೇರಿವೆ. ಈ ಭಾಗಕ್ಕೆ ಪೆನ್ಸಿಲ್ಲೇ ಸರಿ.

ಪಟ್ಟಿಯನ್ನು ಪರೀಕ್ಷಿಸಲು ಶಿಲ್ಪಗಳನ್ನು ನೋಡುತ್ತೇನೆ. ಕೈಯಲ್ಲಿನ ವಸ್ತು ಇದ್ದರೆ ಸುಲಭ: ಸಿಡಿಲಾದರೆ ಜ್ಯೂಸ್, ತ್ರಿಶೂಲವಾದರೆ ಪೊಸೈಡನ್. ವಸ್ತು ಕಳೆದುಹೋದರೆ ಗಡ್ಡದ ಅಣ್ಣತಮ್ಮಂದಿರನ್ನು ಬೇರ್ಪಡಿಸುವುದು ಕಷ್ಟ. ಆರ್ಟೆಮಿಸಿಯನ್ ಭೂಶಿರದ ಬಳಿ ಕಡಲಿನಿಂದ ಎತ್ತಿದ, 2.09 ಮೀಟರ್ ಎತ್ತರದ ಕಂಚಿನ ವಿಗ್ರಹ ಈಗ ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿದೆ. ಬೀಸಿದ ಬಲಗೈ ಖಾಲಿ. ತ್ರಿಶೂಲ ಹಿಡಿಸಿದರೆ ಮುಖಕ್ಕೆ ಅಡ್ಡ ಬರುತ್ತದೆ ಎಂದು ಹಲವರು ಜ್ಯೂಸ್ ಕಡೆ ವಾಲುತ್ತಾರೆ. ನನ್ನ ಹಾಳೆಯಲ್ಲಿ ಅದು ಜ್ಯೂಸ್‌ನ ಸಾಲಿನಲ್ಲಿದೆ, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ.