ವೇಷ ಅಭಿಮನ್ಯುವಿನದು, ಮುಖ ನನ್ನದು

2023ರ ಮಳೆಗಾಲ. ಯಕ್ಷಗಾನದ ಋತು ಮುಗಿಯುವ ದಿನವಾದ ಪತ್ತನಾಜೆ ಕಳೆದು ನಮ್ಮ ಮೇಳದ ತಿರುಗಾಟ ನಿಂತಿತ್ತು. ಬದಿಯಡ್ಕದ ಅಂಗಡಿಯೊಂದರಲ್ಲಿ ಹುಡುಗನೊಬ್ಬ ತೆಂಗಿನೆಣ್ಣೆಯ ಬಾಟಲಿ ಮುಂದಿಟ್ಟು, “ಅಣ್ಣ, ಇದು ನಿಮ್ಮದೇ ವೇಷ ಅಲ್ವಾ?” ಎಂದು ಕೇಳಿದ. ಲೇಬಲಿನಲ್ಲಿದ್ದುದು ನನ್ನ ಅಭಿಮನ್ಯು. ಅದನ್ನು ಅಚ್ಚು ಹಾಕುವ ಮೊದಲು ಯಾರೂ ನನ್ನನ್ನು ಕೇಳಿರಲಿಲ್ಲ.

ತಯಾರಕರಿಗೆ ಆ ಕ್ಷಣವೇ ಫೋನ್ ಮಾಡದಿದ್ದುದು ಒಳ್ಳೆಯದಾಯಿತು. ಮೊದಲು ಎರಡು ಬಾಟಲಿ ಕೊಂಡು, ದಿನಾಂಕವಿರುವ ಬಿಲ್ ಬರೆಸಿಕೊಂಡೆ. ಕುಂಬಳೆ ಪೇಟೆಯಲ್ಲಿದ್ದ ಅದೇ ಎಣ್ಣೆಯ ಜಾಹೀರಾತು ಫಲಕದ ಫೋಟೋ ತೆಗೆದೆ. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಆಗ ಜಾರಿಯಲ್ಲಿದ್ದ ಸಾಕ್ಷ್ಯ ಕಾಯಿದೆಯ 65ಬಿ ಪ್ರಮಾಣಪತ್ರ, ಅಂದರೆ ವಿದ್ಯುನ್ಮಾನ ದಾಖಲೆಗೆ ಲಗತ್ತಿಸುವ ದೃಢೀಕರಣ, ಬೇಕೆಂದು ಕಾಸರಗೋಡಿನ ವಕೀಲರು ಹೇಳಿದ್ದರಿಂದ, ಅದನ್ನೂ ನಾನೇ ಸಹಿ ಹಾಕಿ ಸಿದ್ಧಪಡಿಸಿದೆ.

ಫೋಟೋವನ್ನು ತೆಗೆದವರಿಂದಲೇ ಹಣ ಕೊಟ್ಟು ಪಡೆದಿದ್ದೇವೆ, ಅದೂ ಅಲ್ಲದೆ ಅದು ಅಭಿಮನ್ಯುವಿನ ಚಿತ್ರವೇ ಹೊರತು ನಿಮ್ಮದಲ್ಲ ಎಂಬುದು ತಯಾರಕರ ವಾದವಾಗಿತ್ತು. ಮೊದಲನೆಯದರಲ್ಲಿ ಅರ್ಧ ಸತ್ಯವಿತ್ತು. ನಾನು ಹಣ ಕೊಟ್ಟು ತೆಗೆಸಿದ ಫೋಟೋ ಅಲ್ಲವಾದ್ದರಿಂದ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯಿದೆಯ ಪ್ರಕಾರ ಅದರ ಹಕ್ಕು ತೆಗೆದವರದೇ. ಆದರೆ ಅವರು ಮಾರಬಹುದಾದದ್ದು ಚಿತ್ರದ ಹಕ್ಕನ್ನು ಮಾತ್ರ, ನನ್ನ ಒಪ್ಪಿಗೆಯನ್ನಲ್ಲ. ಅದೇ ಕಾಯಿದೆಯ ಪ್ರದರ್ಶಕರ ಹಕ್ಕು ಧ್ವನಿಮುದ್ರಣ ಮತ್ತು ಚಲಿಸುವ ಚಿತ್ರಗಳಿಗೆ ಸಂಬಂಧಿಸಿದ್ದರಿಂದ ಈ ಸ್ಥಿರಚಿತ್ರಕ್ಕೆ ಒದಗಲಿಲ್ಲ.

ಎರಡನೆಯ ವಾದ ನನ್ನನ್ನು ಬಹಳ ನೋಯಿಸಿತು. ಕಿರೀಟ, ಭುಜಕೀರ್ತಿ, ಮುಖವರ್ಣಿಕೆಯ ಕ್ರಮ ಪರಂಪರೆಯವು, ಅವುಗಳ ಮೇಲೆ ನನಗೆ ಯಾವ ಹಕ್ಕೂ ಇಲ್ಲ. ಆದರೆ ಅಭಿಮನ್ಯುವಿನಂಥ ತರುಣ ವೀರರ ಪುಂಡುವೇಷದಲ್ಲಿ ಕಲಾವಿದನ ಕಣ್ಣು, ಮೂಗು, ನಗು, ದಪ್ಪ ಬಣ್ಣ ಬಳಿದ ರಾಕ್ಷಸ ಪಾತ್ರಗಳ ಬಣ್ಣದ ವೇಷದಲ್ಲಿ ಮರೆಯಾಗುವಂತೆ ಮರೆಯಾಗುವುದಿಲ್ಲ. ತನೀಷ್ಕ್ ಜಾಹೀರಾತಿನ ಬಚ್ಚನ್ ದಂಪತಿಯ ಚಿತ್ರವನ್ನು ಬೇರೊಬ್ಬ ಆಭರಣ ವ್ಯಾಪಾರಿ ಬಳಸಿಕೊಂಡ ಪ್ರಕರಣದಲ್ಲಿ, ವ್ಯಕ್ತಿಯನ್ನು ಗುರುತಿಸಲು ಸಾಧ್ಯವೇ ಎಂಬುದನ್ನು ದೆಹಲಿ ಹೈಕೋರ್ಟ್ 2012ರಲ್ಲಿ ಮುಖ್ಯವಾಗಿ ನೋಡಿತ್ತು. ನಮ್ಮ ವಕೀಲರು ಅದನ್ನೇ ಹಿಡಿದು, ಅಂಗಡಿಯ ಹುಡುಗನೂ ಸೇರಿ ಮೂವರಿಂದ, ಲೇಬಲ್ ನೋಡಿದೊಡನೆ ನನ್ನನ್ನು ಗುರುತಿಸಿದೆವು ಎಂಬ ಲಿಖಿತ ಹೇಳಿಕೆ ಪಡೆದರು.

ಆದರೆ ನಾನು ಬಚ್ಚನ್ ಅಲ್ಲ. ಆಟ ನೋಡುವವರ ನಡುವೆ ಮಾತ್ರ ಪರಿಚಿತ. ಒಬ್ಬರ ಮುಖವನ್ನು ಕೇಳದೆ ಜಾಹೀರಾತಿಗೆ ಬಳಸುವುದನ್ನು ತಡೆಯಲೆಂದೇ ಪ್ರತ್ಯೇಕ ಕಾಯಿದೆಯೂ ದೇಶದಲ್ಲಿಲ್ಲ. ನನ್ನಂಥವರಿಗೆ ನಿಜವಾದ ಆಧಾರ ಸುಪ್ರೀಂ ಕೋರ್ಟಿನ 1994ರ ರಾಜಗೋಪಾಲ್ ತೀರ್ಪು ಎಂದು ನಾನು ನಂಬಿದ್ದೇನೆ. ಒಪ್ಪಿಗೆಯಿಲ್ಲದೆ ವ್ಯಕ್ತಿಯ ಹೆಸರು ಅಥವಾ ರೂಪವನ್ನು ಜಾಹೀರಾತಿಗೆ ಬಳಸುವುದನ್ನು ಅದು ಖಾಸಗಿತನದ ಉಲ್ಲಂಘನೆಯ ಸಾಲಿನಲ್ಲಿ ಸೇರಿಸಿತು, ಮತ್ತು ಅಲ್ಲಿ ಹೇಳಿರುವುದು ವ್ಯಕ್ತಿ ಎಂದೇ ಹೊರತು ಪ್ರಸಿದ್ಧ ವ್ಯಕ್ತಿ ಎಂದಲ್ಲ.

ನೋಟಿಸನ್ನು ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಕಳುಹಿಸಿದೆವು. ಬಳಕೆ ನಿಲ್ಲಿಸದಿದ್ದರೆ ತಾತ್ಕಾಲಿಕ ತಡೆಯಾಜ್ಞೆ ಕೋರುತ್ತೇವೆಂದು ಅದರಲ್ಲಿತ್ತು. ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಲಿಲ್ಲ. ತಿಂಗಳೊಳಗೆ ಲೇಬಲ್ ಬದಲಿಸಿ, ಫಲಕ ಇಳಿಸಿ, ವಕೀಲರ ಶುಲ್ಕದೊಂದಿಗೆ ಒಂದು ಸಂಭಾವನೆಯನ್ನೂ ಕೊಡುವುದಾಗಿ ತಯಾರಕರು ಛಾಪಾ ಕಾಗದದಲ್ಲಿ ಬರೆದುಕೊಟ್ಟರು, ಹಾಗೆಯೇ ನಡೆದುಕೊಂಡರು.

ಫೋಟೋ ತೆಗೆದ ಯುವಕ ಮನೆಗೆ ಬಂದು ಬಹಳ ಬೇಸರಪಟ್ಟುಕೊಂಡ. ಅವನೊಡನೆ ಕುಳಿತೇ ಒಂದು ಪುಟದ ಒಪ್ಪಿಗೆಪತ್ರ ಸಿದ್ಧಪಡಿಸಿದೆ: ಯಾವ ಚಿತ್ರ, ಯಾವ ಉದ್ದೇಶ, ಎಷ್ಟು ಕಾಲ, ವ್ಯಾಪಾರಕ್ಕಾದರೆ ಮತ್ತೆ ಕೇಳಬೇಕು. ಈಗ ಚೌಕಿಗೆ, ಅಂದರೆ ನಾವು ವೇಷ ಕಟ್ಟುವ ಕೋಣೆಗೆ, ಕ್ಯಾಮೆರಾ ಹಿಡಿದು ಬರುವವರಿಗೆ ಬಣ್ಣ ಹಚ್ಚಲು ಕೂರುವ ಮೊದಲೇ ಅದನ್ನು ಕೊಡುತ್ತೇನೆ.