ಗಲ್ಲಾ ತಲುಪುವ ಮುಂಚೆಯೇ ಹೋಗುತ್ತಿದ್ದ ದುಡ್ಡು

ಅರಸೀಕೆರೆಯಲ್ಲಿ ನಮ್ಮದು ಪಾತ್ರೆ ಅಂಗಡಿ. ಮಾವನವರ ಕಾಲದಲ್ಲಿ ಹಿತ್ತಾಳೆ, ತಾಮ್ರ ತೂಕಕ್ಕೆ ಹೋಗುತ್ತಿತ್ತು. ಈಗ ಸ್ಟೀಲು, ಕುಕ್ಕರು, ಮಿಕ್ಸಿ. ಖರೀದಿ ನಮ್ಮನೆಯವರದು, ಗಲ್ಲಾ ಮತ್ತು ಲೆಕ್ಕ ನನ್ನದು. ಕೊಬ್ಬರಿಗೆ ಒಳ್ಳೆ ರೇಟು ಸಿಕ್ಕ ವರ್ಷ ಮದುವೆ ಪಾತ್ರೆ ಚೆನ್ನಾಗಿ ಹೋಗುತ್ತವೆ. ರೇಟು ಬಿದ್ದ ವರ್ಷ ಎರಡು ಲೋಟಕ್ಕೂ ಚೌಕಾಸಿ ನಡೆಯುತ್ತದೆ.

2024ರ ಆಷಾಢ ಮುಗಿಯುತ್ತಿದ್ದ ಹಾಗೆ, ಖಾತೆಯಲ್ಲಿ ದುಡ್ಡು ಸಾಲದೆ ಸಾಲದ ಕಂತು ಬೌನ್ಸ್ ಆಯಿತು. ಆ ವರ್ಷ ಅದು ಎರಡನೇ ಸಲ. ವ್ಯಾಪಾರ ಇಳಿದಿತ್ತು, ಆದರೆ ಕಂತು ಕಟ್ಟಲಾಗದಷ್ಟೇನೂ ಇಳಿದಿರಲಿಲ್ಲ. ಹಾಗಾದರೆ ದುಡ್ಡು ಎಲ್ಲಿ ಹೋಗುತ್ತಿದೆ? ಬ್ಯಾಂಕಿನಿಂದ ಮೂರು ತಿಂಗಳ ಸ್ಟೇಟ್‌ಮೆಂಟ್ ತಂದು, ರಾತ್ರಿ ಅಡಿಗೆಮನೆ ಕೆಲಸ ಮುಗಿಸಿ, ಕೆಂಪು ಪೆನ್ನು ಹಿಡಿದು ಕೂತೆ.

ಮೊದಲ ತೊಡಕು ಅಲ್ಲೇ ಎದುರಾಯಿತು. ಕಾರ್ಡಿನ ಕಮಿಷನ್ ನಮ್ಮ ಸ್ಟೇಟ್‌ಮೆಂಟಿನಲ್ಲಿ ಬೇರೆ ಸಾಲಾಗಿ ಬರುವುದೇ ಇಲ್ಲ. ಗಿರಾಕಿ 2,150 ರೂಪಾಯಿಗೆ ಕಾರ್ಡ್ ಉಜ್ಜಿದರೆ, ಮಾರನೇ ದಿನ ಕಡಿತವಾಗಿ ಉಳಿದದ್ದಷ್ಟೇ ಜಮಾ ಆಗುತ್ತದೆ, ಅದೂ ಹತ್ತು ಬಿಲ್ಲು ಸೇರಿಸಿ ಒಂದೇ ಮೊತ್ತವಾಗಿ. ಎಷ್ಟು ಹೋಯಿತು ಅಂತ ತಿಳಿಯಬೇಕಾದರೆ ಬ್ಯಾಂಕಿನಿಂದ ಸೆಟಲ್‌ಮೆಂಟ್ ರಿಪೋರ್ಟನ್ನು ಬೇರೆಯಾಗಿ ಕೇಳಿ ಪಡೆಯಬೇಕು. ಕಾರ್ಡ್ ಯಂತ್ರ ಇಟ್ಟುಕೊಂಡವರೆಲ್ಲ ಅದನ್ನು ಒಂದು ಸಲವಾದರೂ ತರಿಸಿ ನೋಡಿ. ನಾಲ್ಕು ವರ್ಷ ನಾನು ನೋಡಿರಲಿಲ್ಲ.

ಒಂದು ತಿಂಗಳ ಲೆಕ್ಕ ಹೇಳುತ್ತೇನೆ. ಒಟ್ಟು ಮಾರಾಟ 2,60,000. ಅದರಲ್ಲಿ ಕಾರ್ಡಿನಲ್ಲಿ ಬಂದದ್ದು 70,000: ಕ್ರೆಡಿಟ್ ಕಾರ್ಡು 46,000, ಡೆಬಿಟ್ 24,000. ಎಲ್ಲಕ್ಕೂ ಒಂದೇ ಸಮ ಶೇ. 2ರಂತೆ 1,400 ಹಿಡಿದಿದ್ದರು, ಅದರ ಮೇಲೆ ಶೇ. 18 ಜಿಎಸ್‌ಟಿ 252. ಯಂತ್ರದ ಬಾಡಿಗೆ ತೆರಿಗೆ ಸೇರಿ 472. ದುಡ್ಡು ಬಂತು ಅಂತ ಕೂಗುವ ಎರಡು ಸೌಂಡ್‌ಬಾಕ್ಸಿಗೆ 250. ಕರೆಂಟ್ ಅಕೌಂಟಿನಲ್ಲಿ ಸರಾಸರಿ ಬ್ಯಾಲೆನ್ಸ್ ಇಲ್ಲವೆಂದು 708. ಮಿತಿ ಮೀರಿ ನಗದು ಕಟ್ಟಿದ್ದಕ್ಕೆ 354. ಕಂತು ಬೌನ್ಸ್ ಆದದ್ದಕ್ಕೆ ಬ್ಯಾಂಕಿನವರದು 590, ಸಾಲ ಕೊಟ್ಟ ಕಂಪನಿಯವರದು ಇನ್ನೊಂದು 590. ಕೂಡಿದರೆ 4,616.

ಮಾರಾಟದ ಲೆಕ್ಕದಲ್ಲಿ ಇದು ನೂರಕ್ಕೆ ಎರಡು ರೂಪಾಯಿಯೂ ಅಲ್ಲ. ಅಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ ಅಂತ ನಮ್ಮನೆಯವರು ಅಂದರು. ನಾನು ಪುಸ್ತಕದ ಮಗ್ಗುಲು ಪುಟದಲ್ಲಿ ಬರೆದು ತೋರಿಸಿದೆ: ಆ ತಿಂಗಳು ಅಸಲು ಕಳೆದು ಸಿಕ್ಕಿದ್ದು 33,800. ಅಂಗಡಿ ಬಾಡಿಗೆ 9,000, ಹುಡುಗನ ಸಂಬಳ 11,000, ಕರೆಂಟು 1,300 ಕೊಟ್ಟರೆ ಉಳಿಯುವುದು 12,500. ಆ ಹನ್ನೆರಡೂವರೆ ಸಾವಿರದಲ್ಲಿ 4,616 ಹೋಗಿದೆ, ಅಂದರೆ ನೂರಕ್ಕೆ 37. ಅವರು ಪುಸ್ತಕ ತಮ್ಮ ಕಡೆ ಎಳೆದುಕೊಂಡು ಇನ್ನೊಂದು ಸಲ ಕೂಡಿದರು. ನನ್ನ ಇಡೀ ಅನುಭವದಲ್ಲಿ ಮುಖ್ಯವಾದ ಮಾತು ಇದೇ: ಈ ಖರ್ಚನ್ನು ಮಾರಾಟದ ಪಕ್ಕ ಇಟ್ಟು ನೋಡಬೇಡಿ, ಉಳಿಯುವ ದುಡ್ಡಿನ ಪಕ್ಕ ಇಡಿ. 1,990ಕ್ಕೆ ತಂದ ಕುಕ್ಕರನ್ನು 2,150ಕ್ಕೆ ಮಾರಿದರೆ ನಮಗೆ 160 ಸಿಗುತ್ತದೆ. ಗಿರಾಕಿ ಕ್ರೆಡಿಟ್ ಕಾರ್ಡ್ ಕೊಟ್ಟರೆ ಅದರಲ್ಲಿ ಸುಮಾರು 51 ಹೋಗುತ್ತದೆ.

ಆಮೇಲೆ ನಿಯಮ ಏನಿದೆ ಅಂತ ಮಗಳು ಹುಡುಕಿಕೊಟ್ಟಳು. ರುಪೇ (ನಮ್ಮ ದೇಶದ್ದೇ ಆದ ಕಾರ್ಡ್ ವ್ಯವಸ್ಥೆ) ಡೆಬಿಟ್ ಕಾರ್ಡಿಗೆ ಮತ್ತು ಯುಪಿಐಗೆ 2020ರ ಜನವರಿ 1ರಿಂದ ವ್ಯಾಪಾರಿಯಿಂದ ಕಮಿಷನ್ ತೆಗೆದುಕೊಳ್ಳುವಂತೆಯೇ ಇಲ್ಲ. ಬೇರೆ ಡೆಬಿಟ್ ಕಾರ್ಡುಗಳಿಗೆ ರಿಸರ್ವ್ ಬ್ಯಾಂಕು 2017ರ ಡಿಸೆಂಬರಿನಲ್ಲಿ ಮಿತಿ ಹಾಕಿದೆ: ಹಿಂದಿನ ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಯಂತ್ರದಲ್ಲಿ ಉಜ್ಜಿದ ಮೊತ್ತಕ್ಕೆ ಹೆಚ್ಚೆಂದರೆ ಶೇ. 0.40, ದಾಟಿದ್ದರೆ 0.90. ಕ್ರೆಡಿಟ್ ಕಾರ್ಡಿಗೆ ಇಂಥ ಮಿತಿ ಇಲ್ಲ. ಅದು ನಿಮ್ಮ ಮತ್ತು ಬ್ಯಾಂಕಿನ ಮಾತುಕತೆಗೆ ಬಿಟ್ಟದ್ದು. 2,000 ರೂಪಾಯಿವರೆಗಿನ ಕಾರ್ಡ್ ವ್ಯವಹಾರಕ್ಕೆ ಬ್ಯಾಂಕು ಹಿಡಿಯುವ ಕಮಿಷನ್ ಮೇಲೆ ಜಿಎಸ್‌ಟಿ ವಿನಾಯಿತಿಯೂ ಇದೆ. ನಮ್ಮದು ಕಾಂಪೊಸಿಷನ್ ಅಂಗಡಿ, ಅಂದರೆ ಮಾರಾಟದ ಮೇಲೆ ಸಣ್ಣ ದರದಲ್ಲಿ ಜಿಎಸ್‌ಟಿ ಕಟ್ಟುವ ಯೋಜನೆಯಲ್ಲಿರುವುದು; ಕೊಟ್ಟ ತೆರಿಗೆಯನ್ನು ವಾಪಸ್ ಹೊಂದಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ಆ ಶೇ. 18 ನಮಗೆ ನೇರ ನಷ್ಟ.

ನಮ್ಮ 24,000 ಡೆಬಿಟ್ ವ್ಯಾಪಾರದಲ್ಲಿ 15,000 ರುಪೇ ಕಾರ್ಡಿನದು. ಅದಕ್ಕೆ ಏನೂ ಹಿಡಿಯುವಂತಿಲ್ಲ. ನಮ್ಮ ವಹಿವಾಟು 20 ಲಕ್ಷ ದಾಟಿದ್ದರಿಂದ ಉಳಿದ 9,000ಕ್ಕೆ ಶೇ. 0.90. ಅಂದರೆ 81 ರೂಪಾಯಿ ಹಿಡಿಯಬೇಕಾದ ಕಡೆ 480 ಹಿಡಿದಿದ್ದರು.

ರಿಪೋರ್ಟಿಗೆ ಕೆಂಪು ಗೆರೆ ಎಳೆದು ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗ, "ಮೇಡಂ, ಅದೆಲ್ಲಾ ಸಿಸ್ಟಮ್ಮೇ ಹಿಡಿಯುತ್ತೆ, ನಮ್ ಕೈಲಿಲ್ಲ" ಅಂದ. ಮ್ಯಾನೇಜರ ಹತ್ತಿರ ಹೋಗಿ, "ಸಾರ್, ರುಪೇ ಕಾರ್ಡಿಗೆ ಹಿಡಿಯೋ ಹಾಗಿಲ್ಲ ಅಂತ ಕಾನೂನಿದೆ. ಒಂಬತ್ತು ತಿಂಗಳದ್ದು ಲೆಕ್ಕ ಹಾಕ್ಕೊಂಡು ಬಂದಿದೀನಿ" ಅಂತ ಕಾಗದ ಮುಂದಿಟ್ಟೆ. ಅವರು ಕೂರಿಸಿ ನೋಡಿದರು. ಬಾಯಿಮಾತಿಗೆ ಬಿಡದೆ ಅರ್ಜಿ ಕೊಟ್ಟು ಸೀಲು, ಸಹಿ ಹಾಕಿಸಿಕೊಂಡೆ. ಮೂವತ್ತು ದಿನದೊಳಗೆ ಬ್ಯಾಂಕು ಉತ್ತರಿಸದಿದ್ದರೆ ಸಮಗ್ರ ಓಂಬುಡ್ಸ್‌ಮನ್ (ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಯೋಜನೆಯಡಿ ರಿಸರ್ವ್ ಬ್ಯಾಂಕಿನ ಸಿಎಂಎಸ್ ಎಂಬ ದೂರಿನ ಪೋರ್ಟಲಿನಲ್ಲಿ ಉಚಿತವಾಗಿ ದೂರು ಕೊಡಬಹುದು. ಅರ್ಜಿಯಲ್ಲಿ ಅದನ್ನೂ ಬರೆದಿದ್ದೆ. ಅಷ್ಟು ದೂರ ಹೋಗಬೇಕಾಗಲಿಲ್ಲ. ಮೂರು ವಾರಕ್ಕೆ ರುಪೇ ಕಾರ್ಡಿನ ದುಡ್ಡು ವಾಪಸ್ ಬಂತು, ಉಳಿದ ಡೆಬಿಟ್ ಕಾರ್ಡಿನ ರೇಟು 0.90ಕ್ಕೆ ಇಳಿಯಿತು. ಸಣ್ಣ ಬಿಲ್ಲುಗಳ ಜಿಎಸ್‌ಟಿ ಹಿಂದಿನದು ಕೊಡಲಿಲ್ಲ, ಮುಂದಕ್ಕೆ ನಿಲ್ಲಿಸಿದರು.

ಖಾತೆಯನ್ನೂ ಅದೇ ವಾರ ಬದಲಾಯಿಸಿದೆ. ನಮ್ಮದು ಸರಾಸರಿ 25,000 ಇಡಬೇಕಾದ ಖಾತೆ. ಅದೇ ಬ್ಯಾಂಕಿನಲ್ಲಿ 5,000 ಸಾಕಾಗುವ ಕರೆಂಟ್ ಅಕೌಂಟೂ ಇತ್ತು. ಕೇಳಿದ ಮೇಲೆ ಹೇಳಿದರು. ಒಂದು ಸೌಂಡ್‌ಬಾಕ್ಸ್ ವಾಪಸ್ ಕೊಟ್ಟೆ. ನಗದಿನಲ್ಲಿ ಬಂದದ್ದರಿಂದಲೇ ಬಾಡಿಗೆ, ಸಂಬಳ ಕೊಟ್ಟು ಪುಸ್ತಕಕ್ಕೆ ಬರೆಯುತ್ತೇನೆ, ಬ್ಯಾಂಕಿಗೆ ಕಟ್ಟುವ ನಗದು ಮಿತಿಯೊಳಗೇ ಇರುತ್ತದೆ. ಕಂತಿನ ದಿನ 5ನೇ ತಾರೀಖು. ಶನಿವಾರ, ಭಾನುವಾರದ ಕಾರ್ಡಿನ ದುಡ್ಡು ಸೋಮವಾರವೇ ಬರುತ್ತದೆಂಬ ನಂಬಿಕೆಯಲ್ಲಿ ಎರಡು ಸಲ ಬೌನ್ಸ್ ಆಗಿತ್ತು. ಈಗ ಹಿಂದಿನ ತಿಂಗಳ 28ಕ್ಕೇ ಕಂತಿನ ದುಡ್ಡು ಖಾತೆಯಲ್ಲಿರಬೇಕು. ಅದನ್ನು ಬಿಟ್ಟು ಉಳಿದದ್ದರಲ್ಲಿ ಮಾತ್ರ ಬೆಂಗಳೂರಿನ ಚಿಕ್ಕಪೇಟೆ ಸರಕಿಗೆ ದುಡ್ಡು ಕೊಡುತ್ತೇವೆ.

ಒಂದು ತಪ್ಪೂ ಮಾಡಿದೆ. ಎರಡು ವಾರ "ಕಾರ್ಡಾದ್ರೆ ಎರಡು ಪರ್ಸೆಂಟ್ ಜಾಸ್ತಿ" ಅಂತ ಬೋರ್ಡು ಹಾಕಿದ್ದೆ. ಡೆಬಿಟ್ ಕಾರ್ಡಿನ ಕಮಿಷನ್ನನ್ನು ಗಿರಾಕಿಯ ಮೇಲೆ ಹಾಕಬಾರದು ಅಂತ ರಿಸರ್ವ್ ಬ್ಯಾಂಕಿನ 2017ರ ಅದೇ ಆದೇಶದಲ್ಲಿದೆ, ನಾನು ಪೂರ್ತಿ ಓದಿರಲಿಲ್ಲ. ಹಳೇ ಗಿರಾಕಿಯಾದ ನಿವೃತ್ತ ಮೇಷ್ಟ್ರು ಬೋರ್ಡು ನೋಡಿ, "ಇದು ಸರಿಯಲ್ಲ ಕಣಮ್ಮ" ಅಂತ ಹೇಳಿ, ಎತ್ತಿಟ್ಟ ಇಡ್ಲಿ ಪಾತ್ರೆ ಅಲ್ಲೇ ಬಿಟ್ಟು ಹೋದರು. ಅವತ್ತು ಸಂಜೆಯೇ ಬೋರ್ಡು ತೆಗೆದೆ. ಮುಂದಿನ ವಾರ ಅವರು ಬಂದು ಅದೇ ಪಾತ್ರೆ ತೆಗೆದುಕೊಂಡು ಹೋದದ್ದು ನನ್ನ ಮನಸ್ಸಿಗೆ ಎಷ್ಟು ಸಮಾಧಾನ ಕೊಟ್ಟಿತು ಅಂದರೆ ಹೇಳಲಾರೆ.

ಈಗ ಮಾಡುವುದು ಇಷ್ಟೇ: ಬಿಲ್ಲು ಬರೆಯುತ್ತಿದ್ದ ಹಾಗೆ "ಫೋನ್‌ಪೇ, ಗೂಗಲ್‌ಪೇ ಇದೆಯಾ ಅಣ್ಣ?" ಅಂತ ಮೊದಲು ಕೇಳುತ್ತೇನೆ. ಮುಂಚೆ ಯಂತ್ರವನ್ನೇ ಮುಂದೆ ಇಡುತ್ತಿದ್ದೆ. ಕಾರ್ಡೇ ಬೇಕೆಂದವರಿಗೆ ಸಂತೋಷದಿಂದ ಕೊಡುತ್ತೇನೆ. ಮದುವೆ ಪಾತ್ರೆಗೆ ಅಡ್ವಾನ್ಸನ್ನು ಮಾತ್ರ ಯುಪಿಐನಲ್ಲೋ ನಗದಾಗೋ ಕೇಳುತ್ತೇನೆ. ಒಂದು ಎಚ್ಚರ: ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡವರು ಕ್ಯುಆರ್ ಸ್ಕ್ಯಾನ್ ಮಾಡಿದರೂ 2,000 ರೂಪಾಯಿ ದಾಟಿದರೆ ಕಮಿಷನ್ ಬೀಳುತ್ತದೆ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಕ್ಯುಆರ್ ಕಿತ್ತುಹಾಕಿದರು. ನಮ್ಮನೆಯವರೂ ನಾವೂ ನಗದಿಗೇ ಹೋಗೋಣ ಅಂದರು. ನಾನು ಬೇಡ ಅಂದೆ. ನಗದೂ ಬ್ಯಾಂಕಿಗೆ ಕಟ್ಟುವಾಗ ಮಿತಿ ಮೀರಿದರೆ ಕಡಿತವಿದೆ. ಗಿರಾಕಿ ಖಾತೆಯಿಂದ ನೇರ ಯುಪಿಐನಲ್ಲಿ ಬಂದ ದುಡ್ಡು ಮಾತ್ರ ಪೂರ್ತಿ ಬರುತ್ತದೆ, ಮತ್ತು ನಮ್ಮ ವ್ಯಾಪಾರ ಹೇಗೂ ಪುಸ್ತಕದಲ್ಲಿದೆ.

4,616 ಇದ್ದದ್ದು ಈಗ ತಿಂಗಳಿಗೆ 1,400ರ ಆಸುಪಾಸಿಗೆ ಬಂದಿದೆ. ಅದರಲ್ಲಿ 472 ಯಂತ್ರದ ಬಾಡಿಗೆ, ಆಷಾಢದಲ್ಲಿ ಇಡೀ ವಾರ ಒಂದು ಕಾರ್ಡೂ ಬಾರದಿದ್ದರೂ ಅಷ್ಟೇ. ಬಾಡಿಗೆ ಬಿಡಿ ಅಂತ ಎರಡು ಸಲ ಕೇಳಿದೆ, ಆಗುವುದಿಲ್ಲ ಅಂದರು. ಮೂರನೇ ಅರ್ಜಿ ಬರೆದಿಟ್ಟಿದ್ದೇನೆ, ಸೋಮವಾರ ಕೊಟ್ಟು ಬರಬೇಕು.